ಕಡಲೊಳಗಣ ಸಿಹಿನೀರು

ಬಹರೇನ್ ದ್ವೀಪವನ್ನು ಅರ್ಧ ದಿವಸದಲ್ಲಿ ನೋಡಿ ಮುಗಿಸಬಹುದೆಂದು ಹೇಳುವವರುಂಟು. ಆ ಮಾತು ತೀರ ಸುಳ್ಳೂ ಅಲ್ಲ. ಸುತ್ತಲಿನ ಚಿಕ್ಕಪುಟ್ಟ ನಡುಗಡ್ಡೆಗಳನ್ನೆಲ್ಲ ಕೂಡಿಸಿದರೂ ಆ ರಾಜ್ಯದ ವಿಸ್ತಾರ 800 ಚದರ ಕಿಲೋಮೀಟರನ್ನು ಮುಟ್ಟುವುದಿಲ್ಲ. ಕರ್ನಾಟಕದ ಒಂದು ಸಾಧಾರಣ ತಾಲ್ಲೂಕಿನಷ್ಟು ನೆಲ. ಬೆಳಿಗ್ಗೆ ಎಂಟು ಗಂಟೆಗೆ ಮನಾಮಾ ನಗರದಿಂದ ಹೊರಡುವ ವ್ಯಾನು ಮಸೀದಿ, ಕೋಟೆ, ಗೋರಿದಿಬ್ಬಗಳು, ಎಣ್ಣೆಯ ಮೊದಲ ಬಾವಿ, ಮರಳುಗಾಡಿನ ಒಂಟಿ ಮರ, ಇಷ್ಟನ್ನು ತೋರಿಸಿ ಮಧ್ಯಾಹ್ನ ಒಂದೂವರೆಯ ಸುಮಾರಿಗೆ ಪ್ರವಾಸಿಗರನ್ನು ಹಳೆಯ ಪೇಟೆಯ ಹೆಬ್ಬಾಗಿಲಿನಲ್ಲಿ ಇಳಿಸಿಬಿಡುತ್ತದೆ. ಮೊದಲ ಸಲ ಬಂದವರಿಗೆ ಇದು ಸಾಕು. ಆದರೆ ಅರ್ಧ ದಿವಸದಲ್ಲಿ ಮುಗಿಯದ ನೋಟವೂ ಒಂದುಂಟು.

2023ರ ಜನವರಿಯಲ್ಲಿ ಹೀಗೆ ಹೊರಟ ಏಳು ಮಂದಿಯಲ್ಲಿ ಉತ್ತರ ಕರ್ನಾಟಕದ ಒಬ್ಬ ನಿವೃತ್ತ ಮಾಸ್ತರರೂ ಅವರ ಪತ್ನಿಯೂ ಇದ್ದರು. ಮಾಸ್ತರರ ಮಗ ಅಲ್ಲಿ ಇಂಜಿನಿಯರನಾಗಿ ಕೆಲಸದಲ್ಲಿದ್ದ. ಅವನಿಗೆ ಆ ವಾರ ರಜೆ ಸಿಕ್ಕದ ಕಾರಣ ತಂದೆತಾಯಿಗಳನ್ನು ಮಾರ್ಗದರ್ಶಿಯ ಕೈಗೆ ಒಪ್ಪಿಸಿ, ಕುಡಿಯುವ ನೀರಿನ ಎರಡು ಬಾಟಲಿಗಳನ್ನು ಕೊಟ್ಟು, ತನ್ನ ಕಚೇರಿಗೆ ಹೋದ. ಮಾಸ್ತರರು ಮೂವತ್ತೈದು ವರ್ಷ ಪ್ರೌಢಶಾಲೆಯಲ್ಲಿ ಭೂಗೋಳ ಕಲಿಸಿದವರು. ಕರಿಹಲಗೆಯ ಮೇಲೆ ಸುಣ್ಣದ ಕಡ್ಡಿಯಿಂದ ಏಷ್ಯಾ ಖಂಡದ ನಕಾಶೆಯನ್ನು ಕೈ ಎತ್ತದೆ ಬಿಡಿಸುವರೆಂದು ಅವರ ಖ್ಯಾತಿ. ಆ ನಕಾಶೆಯಲ್ಲಿ ಪರ್ಶಿಯಾದ ಕೊಲ್ಲಿಯ ಒಳಮಗ್ಗುಲಿಗೆ ಒಂದು ಚುಕ್ಕೆ ಇಟ್ಟು, “ಇದು ಬಹರೇನ್, ಎಣ್ಣೆ, ಮುತ್ತು, ಮರಳು” ಎಂದು ಮೂರೇ ಮಾತಿನಲ್ಲಿ ಮುಗಿಸುತ್ತಿದ್ದರು. ಆ ಚುಕ್ಕೆಯ ಮೇಲೆ ತಾವೇ ನಿಲ್ಲುವ ದಿನ ಬರುವುದೆಂದು ಅವರು ಎಣಿಸಿರಲಿಲ್ಲ.

ಮೊದಲು ಕಂಡದ್ದು ಅಲ್ ಫತೇಹ್ ಮಸೀದಿ. 1988ರಲ್ಲಿ ತೆರೆದ ಈ ಮಸೀದಿಯಲ್ಲಿ 7,000 ಜನ ಒಟ್ಟಿಗೆ ಪ್ರಾರ್ಥನೆ ಮಾಡಬಹುದು. ಮೇಲಿನ ಗುಮ್ಮಟ ಕಲ್ಲಿನದಲ್ಲ, ಗಾಜಿನ ನಾರಿನದು. ಅಷ್ಟಾಗಿಯೂ ಅದರ ತೂಕ 60 ಟನ್ನಿಗೆ ಮಿಕ್ಕಿದ್ದು. ಅನ್ಯಧರ್ಮೀಯರನ್ನೂ ಒಳಗೆ ಕರೆದು ತೋರಿಸುವ ವ್ಯವಸ್ಥೆ ಅಲ್ಲಿದೆ. ಹೆಂಗಸರಿಗೆಲ್ಲ ಒಂದೊಂದು ಕರಿಯ ನಿಲುವಂಗಿ ಕೊಟ್ಟರು. ಮಾಸ್ತರರ ಪತ್ನಿ ಇಳಕಲ್ ಸೀರೆಯ ಮೇಲೆಯೇ ಅದನ್ನು ಧರಿಸಿ ಒಳಹೋಗಿ, ತಲೆಯೆತ್ತಿ ನೋಡಿ, “ಇಷ್ಟು ದೊಡ್ಡದಕ್ಕ ನಡುವ ಒಂದ ಕಂಬ ಇಲ್ಲಲ್ರೀ” ಎಂದು ಬೆರಗಾದರು. ಬಾಗಿಲುಗಳ ತೇಗ ಹಿಂದುಸ್ತಾನದಿಂದ ಬಂದದ್ದೆಂದು ಮಾರ್ಗದರ್ಶಿ ಹೇಳಿದ ಮೇಲೆ ಬಾಗಿಲನ್ನೊಮ್ಮೆ ಮುಟ್ಟಿ ನೋಡಿಯೇ ಹೊರಬಂದರು.

ಮಾರ್ಗದರ್ಶಿ ಬಹರೇನಿನವನೇ, ಐವತ್ತರ ಆಸುಪಾಸಿನವನು. ಬಿಳಿಯ ನಿಲುವಂಗಿ, ತಲೆಗೆ ವಸ್ತ್ರ, ಇಂಗ್ಲಿಷಿನ ಜೊತೆಗೆ ಸಾಕಷ್ಟು ಹಿಂದಿ. ವೃತ್ತಿಯಿಂದ ಮಾರ್ಗದರ್ಶಿಗಳಾದವರಲ್ಲಿ ಬಾಯಿಪಾಠ ಒಪ್ಪಿಸುವವರೇ ಬಹಳ. ಇವನು ಮಾತ್ರ ಕೇಳುವವರ ಮುಖ ನೋಡಿ ಮಾತನಾಡುವವನು. ಮಾಸ್ತರರು ಚಿಕ್ಕ ವಹಿಯಲ್ಲಿ ಬರೆದುಕೊಳ್ಳುವುದನ್ನು ಕಂಡು ಅವರ ಪಕ್ಕದಲ್ಲಿಯೇ ನಡೆಯತೊಡಗಿದ.

ನಗರದ ಪಶ್ಚಿಮಕ್ಕೆ ಸಮುದ್ರದ ದಂಡೆಯಲ್ಲಿ ಬಹರೇನಿನ ಕೋಟೆಯಿದೆ. ದೂರದಿಂದ ನೋಡಿದರೆ ಹದಿನಾರನೆಯ ಶತಮಾನದ ಪೋರ್ಚುಗೀಸರ ಬುರುಜುಗಳೇ ಎದ್ದು ಕಾಣುತ್ತವೆ. ಗೋವೆಯನ್ನು ಆಳಿದವರೇ ಇಲ್ಲಿಯೂ 1521ರಿಂದ 1602ರವರೆಗೆ ಕುಳಿತಿದ್ದರು. ಆದರೆ ಕೋಟೆ ನಿಂತ ದಿಬ್ಬವೇ ನಿಜವಾದ ಅಚ್ಚರಿ. ಅದು ದೇವರು ಮಾಡಿದ ದಿಬ್ಬವಲ್ಲ, ಮನುಷ್ಯರು ಮಾಡಿದ್ದು. ಒಂದು ಊರು ಹಾಳಾಗಿ, ಅದರ ಮಣ್ಣಿನ ಮೇಲೆ ಮತ್ತೊಂದು ಊರು ಎದ್ದು, ಅದೂ ಹಾಳಾಗಿ, ಹೀಗೆ ಕ್ರಿಸ್ತಪೂರ್ವ 2300ರ ಸುಮಾರಿನಿಂದ ನಾಲ್ಕು ಸಾವಿರ ವರ್ಷಗಳ ವಸತಿಯ ಕಸಕಡ್ಡಿ, ಗೋಡೆ, ಬೂದಿಗಳು ಪದರುಪದರಾಗಿ 12 ಮೀಟರ್ ಎತ್ತರಕ್ಕೆ ಬೆಳೆದಿವೆ. 1950ರ ದಶಕದಲ್ಲಿ ಡೆನ್ಮಾರ್ಕಿನ ಗ್ಲಾಬ್ ಮತ್ತು ಅವರ ಸಂಗಡಿಗರಾದ ಇಂಗ್ಲೆಂಡಿನ ಜೆಫ್ರಿ ಬಿಬಿ ಇಲ್ಲಿ ಅಗೆಯತೊಡಗಿದಾಗ, ಸುಮೇರಿಯದ ಮಣ್ಣಿನ ಫಲಕಗಳಲ್ಲಿ ಹೆಸರು ಮಾತ್ರ ಉಳಿದಿದ್ದ ದಿಲ್ಮುನ್ ಎಂಬ ನಾಡು ನೆಲದೊಳಗಿಂದ ಮೇಲೆದ್ದು ಬಂದಿತು. 2005ರಲ್ಲಿ ಯುನೆಸ್ಕೋ ಸಂಸ್ಥೆ ಇದನ್ನು ವಿಶ್ವಪರಂಪರೆಯ ತಾಣವೆಂದು ಮನ್ನಿಸಿತು.

ಅಗೆದ ಗೋಡೆಗಳ ನಡುವೆ ನಿಂತು ಮಾರ್ಗದರ್ಶಿ ಹೇಳಿದ ಒಂದು ಸಂಗತಿ ಮಾಸ್ತರರಿಗೆ ಬಲು ಹಿಡಿಸಿತು. ಇಲ್ಲಿಯ ಅರಮನೆಯ ನೆಲದಡಿ ಅಗೆದವರಿಗೆ ಮುಚ್ಚಿದ ಬಟ್ಟಲುಗಳು ದೊರೆತವು. ಒಳಗೆ ಸುತ್ತಿ ಮಲಗಿದ ಹಾವಿನ ಎಲುಬುಗಳು. ಹಲವುದರಲ್ಲಿ ಹಾವಿನ ಜೊತೆಗೆ ಒಂದು ಚಿಕ್ಕ ಮಣಿ. ಇನ್ನೊಂದು ಸಂಗತಿ ಮಾಸ್ತರರಿಗೆ ಮೊದಲೇ ಗೊತ್ತಿದ್ದದ್ದು. ಅದನ್ನು ಅವರೇ ಹೇಳಿದರು. ಈ ಕೋಟೆಯಲ್ಲಿ ಸಿಕ್ಕ ತೂಕದ ಕಲ್ಲುಗಳು ಸಿಂಧೂ ಕಣಿವೆಯ ತೂಕಗಳ ಅಳತೆಗೆ ಹೊಂದುತ್ತವೆ. ಅತ್ತ ಗುಜರಾತದ ಲೋಥಲಿನಲ್ಲಿ 1955ರಿಂದ ಅಗೆತ ನಡೆಸಿದ ಎಸ್. ಆರ್. ರಾವ್ ಅವರಿಗೆ ಕೊಲ್ಲಿಯ ನಾಡಿನ ದುಂಡುಮುದ್ರೆಯೊಂದು ದೊರೆಯಿತು. ರಾವ್ ಅವರು ಶಿವಮೊಗ್ಗೆಯ ಸೀಮೆಯಲ್ಲಿ ಹುಟ್ಟಿದ ಕನ್ನಡಿಗರು. ನಾಲ್ಕು ಸಾವಿರ ವರ್ಷಗಳ ಹಿಂದೆಯೇ ಅಲ್ಲಿಯವರು ಇಲ್ಲಿಗೂ ಇಲ್ಲಿಯವರು ಅಲ್ಲಿಗೂ ತಕ್ಕಡಿ ಹಿಡಿದುಕೊಂಡು ಓಡಾಡಿದ್ದರು! ಇದನ್ನು ಕೇಳಿ ಮಾರ್ಗದರ್ಶಿ ನಕ್ಕು, “ಹಾಗಾದರೆ ನಿಮ್ಮ ಮಗ ಮೊದಲು ಬಂದವನಲ್ಲ” ಎಂದ. ಮಾಸ್ತರರಿಗೆ ತಮ್ಮ ತರಗತಿಯಲ್ಲಿಯೇ ನಿಂತಷ್ಟು ಸಂತೋಷವಾಯಿತು. ಆ ಸಂತೋಷ ಹೆಚ್ಚು ಹೊತ್ತು ಉಳಿಯಲಿಲ್ಲ.

ಬುರುಜಿನ ಮೇಲಿಂದ ಸಮುದ್ರ ಕಾಣುತ್ತದೆ. ಆಳವಿಲ್ಲದ, ತಿಳಿಹಸಿರಾದ, ಕೊಳದಂತೆ ಶಾಂತವಾದ ಸಮುದ್ರ. ಮಾರ್ಗದರ್ಶಿ ಅತ್ತ ಕೈ ಮಾಡಿ ಕೇಳಿದ: “ಬಹರೇನ್ ಎಂದರೆ ಅರಬ್ಬಿಯಲ್ಲಿ ಎರಡು ಕಡಲು ಎಂದು ಅರ್ಥ. ಕಣ್ಣಿಗೆ ಕಾಣುವುದು ಒಂದೇ. ಎರಡನೆಯದು ಎಲ್ಲಿ, ಹೇಳಬಲ್ಲಿರಾ?” ಯಾರೂ ಉತ್ತರಿಸಲಿಲ್ಲ. “ಎರಡನೆಯದು ಇದರ ಕೆಳಗಿದೆ. ಮೇಲಿನದು ಉಪ್ಪು, ಕೆಳಗಿನದು ಸಿಹಿ. ಹೆಸರಿಗೆ ನಮ್ಮ ಹಿರಿಯರು ಕೊಡುತ್ತಿದ್ದ ಅರ್ಥ ಅದು.”

ಅವನು ವಿವರಿಸಿದ. ಬಹು ಹಿಂದಿನ ಕಾಲದಲ್ಲಿ ಅರೇಬಿಯದ ಎತ್ತರದ ನೆಲದ ಮೇಲೆ ಬಿದ್ದ ಮಳೆ ಸುಣ್ಣಗಲ್ಲಿನ ಪದರುಗಳೊಳಗೆ ಇಂಗಿ, ಇಳಿಜಾರು ಹಿಡಿದು ಮೂಡಣಕ್ಕೆ ಸಾಗಿ, ಸಮುದ್ರದ ತಳದಡಿಯಲ್ಲಿಯೇ ಹಾದು ಈ ದ್ವೀಪವನ್ನು ಸೇರುತ್ತದೆ. ಒತ್ತಡದಿಂದ ತುಂಬಿದ ಆ ನೀರು ಬಂಡೆಯ ಬಿರುಕು ಸಿಕ್ಕಲ್ಲಿ ಮೇಲಕ್ಕೆ ಚಿಮ್ಮುತ್ತದೆ. ನೆಲದ ಮೇಲೆ ಚಿಮ್ಮಿದರೆ ಊಟೆ, ಕಡಲ ತಳದಲ್ಲಿ ಚಿಮ್ಮಿದರೆ ಉಪ್ಪುನೀರಿನೊಳಗೊಂದು ಸಿಹಿನೀರಿನ ಬುಗ್ಗೆ. ಮಾರ್ಗದರ್ಶಿಯ ಅಜ್ಜ ಮುತ್ತಿಗಾಗಿ ಮುಳುಗುತ್ತಿದ್ದವನು. ಬೇಸಿಗೆಯ ನಾಲ್ಕು ತಿಂಗಳು ಹಡಗಿನಲ್ಲಿಯೇ ವಾಸ. ಮೂಗಿಗೆ ಚಿಮಟಿಗೆ, ಕಾಲಿಗೆ ಕಲ್ಲಿನ ಭಾರ, ಕೊರಳಿಗೆ ಚಿಪ್ಪು ತುಂಬುವ ಬುಟ್ಟಿ. ಹಡಗಿನಲ್ಲಿ ಕುಡಿಯುವ ನೀರು ತೀರಿದಾಗ ಬುಗ್ಗೆ ಇರುವ ಸ್ಥಳಕ್ಕೆ ಹೋಗಿ ಲಂಗರು ಹಾಕುತ್ತಿದ್ದರು. ಒಬ್ಬನು ಬಾಯಿ ಬಿಗಿದ ಚರ್ಮದ ಚೀಲವನ್ನು ಹಿಡಿದು ಮುಳುಗಿ, ಬುಗ್ಗೆಯ ಬಾಯಿಗೆ ಅದನ್ನು ಒಡ್ಡಿ, ಬಿಚ್ಚಿ, ತುಂಬಿಸಿ, ಮತ್ತೆ ಬಿಗಿದು ಮೇಲೆ ಬರುತ್ತಿದ್ದ. ಉಪ್ಪು ಕಡಲಿನ ನಡುವೆ ಕುಳಿತವರು ಕಡಲೊಳಗಿನದೇ ಸಿಹಿನೀರನ್ನು ಕುಡಿಯುತ್ತಿದ್ದರು.

ಮಾಸ್ತರರ ಲೇಖಣಿ ನಿಂತಿತ್ತು.

ಆ ಮಾತನ್ನು ಅವರು ಮೊದಲೊಮ್ಮೆ ಕೇಳಿದ್ದರು. 1981ರ ಮಳೆಗಾಲ, ಎಂಟನೆಯ ತರಗತಿ, ಮಧ್ಯಾಹ್ನದ ತಾಸು. ಪಶ್ಚಿಮ ಏಷ್ಯಾದ ಪಾಠ. ಕೊಲ್ಲಿಯ ನಾಡುಗಳಲ್ಲಿ ನದಿಯಿಲ್ಲ, ಮಳೆಯಿಲ್ಲ, ಸಿಹಿನೀರಿಗೆ ಬಹಳ ಅಭಾವ ಎಂದು ಅವರು ಹೇಳುತ್ತಿದ್ದಾಗ ಕಿಟಕಿಯ ಬದಿಯ ಬೆಂಚಿನಿಂದ ಒಬ್ಬ ಹುಡುಗ ಕೈಯೆತ್ತಿದ. ಅವನ ತಂದೆ ಬಡಗಿ. ಮುಂಬಯಿಗೆ ಹೋಗಿ, ಅಲ್ಲಿಂದ ಯಾರದೋ ಮೂಲಕ ಬಹರೇನಿಗೆ ಹೋದವನು. “ಸರ್, ಬಹರೇನದಾಗ ಸಮುದ್ರದ ಒಳಗ ಸಿಹಿನೀರು ಬರತೈತಂತ್ರೀ. ನಮ್ಮಪ್ಪ ಪತ್ರದಾಗ ಬರದಾನ್ರೀ. ಅಲ್ಲಿ ಒಂದು ದೊಡ್ಡ ಹೊಂಡ ಐತಂತ, ಶುಕ್ರವಾರಕ್ಕೊಮ್ಮೆ ಎಲ್ಲಾರೂ ಅದರಾಗ ಈಸತಾರಂತ್ರೀ.” ತರಗತಿಯೆಲ್ಲ ನಕ್ಕಿತು. ಮಾಸ್ತರರೂ ನಕ್ಕರು. “ಭೂಗೋಳದ ತಾಸಿನಾಗ ಪುರಾಣ ಬ್ಯಾಡ. ಕೂಡು” ಎಂದರು. ಅವರು ಕ್ರೂರಿಗಳಲ್ಲ, ಬೆತ್ತ ಹಿಡಿದವರೂ ಅಲ್ಲ. ಪಠ್ಯಪುಸ್ತಕದಲ್ಲಿ ಇಲ್ಲದ್ದನ್ನು ಮಕ್ಕಳು ನಂಬಬಾರದೆಂಬುದು ಅವರಿಗೆ ಅಂದು ಒಂದು ಕರ್ತವ್ಯದಂತೆಯೇ ಇತ್ತು. ಅರ್ಧವಾರ್ಷಿಕ ಪರೀಕ್ಷೆಯಲ್ಲಿ ಕೊಲ್ಲಿಯ ನೀರಿನ ಅಭಾವದ ಮೇಲೆ ಐದು ಅಂಕಗಳ ಪ್ರಶ್ನೆಯೊಂದು ಬಂದಿತು. ಆ ಹುಡುಗ ಮತ್ತೆ ಅದನ್ನೇ ಬರೆದಿದ್ದ: ಎಲ್ಲ ಕಡೆಗೂ ಅಭಾವವಿದೆ, ಆದರೆ ಬಹರೇನಿನಲ್ಲಿ ಹೀಗಿದೆ ಎಂದು. ಮಾಸ್ತರರು ಕೆಂಪು ಶಾಯಿಯಿಂದ ಅಡ್ಡಗೆರೆ ಎಳೆದು, ಅಂಚಿನಲ್ಲಿ “ಕಟ್ಟುಕಥೆ” ಎಂದು ಬರೆದು, ಸೊನ್ನೆ ಹಾಕಿದರು. ಉತ್ತರಪತ್ರಿಕೆಗಳನ್ನು ಮರಳಿ ಹಂಚಿದ ದಿನ ಅವನು ಆ ಹಾಳೆಯನ್ನು ಬಹಳ ಹೊತ್ತು ನೋಡಿ ನಾಲ್ಕು ಮಡಿಕೆ ಮಾಡಿ ಜೇಬಿನಲ್ಲಿ ಇಟ್ಟುಕೊಂಡ. ಆ ವರ್ಷ ಅವನು ಮತ್ತೆ ಕೈಯೆತ್ತಲಿಲ್ಲ.

ಇದೆಲ್ಲ ಬುರುಜಿನ ಮೇಲೆ ನಿಂತ ಅವರಿಗೆ ಸ್ಪಷ್ಟವಾಗಿ ನೆನಪಾಯಿತು. ಹುಡುಗನ ಮುಖ, ಮೊಣಕೈಯಲ್ಲಿ ಹರಿದ ಅಂಗಿ, ಕಿಟಕಿಯ ಬೆಳಕು ಎಲ್ಲವೂ. ಹೆಸರು ಮಾತ್ರ ನೆನಪಾಗಲಿಲ್ಲ.

ಮಾರ್ಗದರ್ಶಿ ಮುಂದುವರಿಸುತ್ತಿದ್ದ. ಇಲ್ಲಿಗೆ ಕೆಲವೇ ಕಿಲೋಮೀಟರ್ ದೂರದಲ್ಲಿ ಬಾರ್ಬಾರ್ ಎಂಬಲ್ಲಿ ಒಂದರ ಮೇಲೊಂದು ಕಟ್ಟಿದ ಮೂರು ದೇಗುಲಗಳ ಅವಶೇಷಗಳಿವೆ. ಮೆಟ್ಟಿಲಿಳಿದು ಹೋದರೆ ಊಟೆಯ ಮೇಲೆ ಕಟ್ಟಿದ ಕಲ್ಲಿನ ಬಾವಿ. ನೆಲದಡಿಯ ಸಿಹಿನೀರಿಗೆ ಒಡೆಯನಾದ ಎಂಕಿ ಎಂಬ ದೇವರ ಗುಡಿ ಅದೆಂದು ವಿದ್ವಾಂಸರ ಊಹೆ. ದಿಲ್ಮುನ್ ನಗರಕ್ಕೆ ನೀರಿಲ್ಲವೆಂದು ದೇವತೆಯೊಬ್ಬಳು ಮೊರೆಯಿಡಲು ಎಂಕಿಯು ಭೂಮಿಯೊಳಗಿಂದ ಸಿಹಿನೀರನ್ನು ಎಬ್ಬಿಸಿದನೆಂದು ಸುಮೇರಿಯದ ಕಥೆ. ಪುರಾಣ ಬೇಡವೆಂದು ಕೂಡಿಸಿದ ಮಾಸ್ತರರು ಇದನ್ನು ತಲೆ ತಗ್ಗಿಸಿ ಕೇಳಿದರು. ಬಾರ್ಬಾರಿಗೆ ಹೋಗಲು ವೇಳೆ ಇರಲಿಲ್ಲ. ಅರ್ಧ ದಿವಸದ ಪ್ರವಾಸಕ್ಕೆ ಎಲ್ಲ ಕಡೆಯೂ ಇದೇ ತೊಂದರೆ: ನೋಡಬೇಕಾದಲ್ಲಿ ಗಡಿಯಾರ ನೋಡಬೇಕಾಗುತ್ತದೆ.

ವ್ಯಾನು ದಕ್ಷಿಣಕ್ಕೆ ತಿರುಗಿತು. ಆಲಿ ಎಂಬ ಊರಿನಲ್ಲಿ ಮನೆಗಳ ನಡುವೆಯೇ ಮಹಡಿಯೆತ್ತರದ ಗೋರಿದಿಬ್ಬಗಳು. ಕೆಲವಕ್ಕೆ ಒರಗಿ ಕುಂಬಾರರು ಆವಿಗೆ ಹೂಡಿಕೊಂಡಿದ್ದರು. ದಿಲ್ಮುನಿನವರು ಕ್ರಿಸ್ತಪೂರ್ವ 2200ರಿಂದ 1750ರವರೆಗೆ ಕಟ್ಟಿದ ಇಂಥ ದಿಬ್ಬಗಳಲ್ಲಿ 11,774ನ್ನು ಯುನೆಸ್ಕೋ 2019ರಲ್ಲಿ ತನ್ನ ಪಟ್ಟಿಗೆ ಸೇರಿಸಿದೆ. ಮಾಸ್ತರರು ಆ ಸಂಖ್ಯೆಯನ್ನು ಬರೆದುಕೊಳ್ಳಲಿಲ್ಲ; ಪತ್ನಿ ಹೇಳಿದ ಮೇಲೆ ಬರೆದುಕೊಂಡರು.

ಎಣ್ಣೆಯ ಬಾವಿಯೂ ಹಾಗೆಯೇ ಹಿಂದೆ ಸರಿದು ಹೋಗುತ್ತಿತ್ತು. ಆದರೆ ಮಾಸ್ತರರು ತಾವಾಗಿಯೇ ನೀರಿನ ಮಾತನ್ನು ಮತ್ತೆ ತೆಗೆದರು. ಆ ಬುಗ್ಗೆಗಳು ಈಗಲೂ ಇವೆಯೇ? ಮಾರ್ಗದರ್ಶಿ ಬಾವಿಯ ಬೇಲಿಗೆ ಕೈಯಾನಿಸಿ ಹೇಳಿದ ಉತ್ತರ ಉದ್ದವಾಗಿತ್ತು. 1925ರಲ್ಲಿ ಫ್ರಾಂಕ್ ಹೋಮ್ಸ್ ಎಂಬ ನ್ಯೂಜಿಲೆಂಡಿನವನೊಬ್ಬ ಅಂದಿನ ಶೇಖರಿಗಾಗಿ ಇಲ್ಲಿ ನೀರಿನ ಕೊಳವೆಬಾವಿಗಳನ್ನು ಕೊರೆದ. ನೀರು ತಾನಾಗಿಯೇ ಉಕ್ಕಿತು. ಆ ಮೆಚ್ಚಿಕೆಯಲ್ಲಿ ಅವನಿಗೆ ಎಣ್ಣೆ ಹುಡುಕುವ ಹಕ್ಕು ದೊರೆಯಿತು. 1932ರಲ್ಲಿ, ಹೊಗೆಯ ಬೆಟ್ಟವೆಂದು ಹೆಸರಾದ ಈ ಗುಡ್ಡದ ಬುಡದಲ್ಲಿ, ಕೊಲ್ಲಿಯ ಅರಬ್ಬೀ ದಂಡೆಯ ಮೊಟ್ಟಮೊದಲ ಎಣ್ಣೆ ಸಿಕ್ಕಿತು. ನೀರು ಎಣ್ಣೆಯನ್ನು ತಂದಿತು. ಎಣ್ಣೆ ಜನವನ್ನು ತಂದಿತು. ಜನರಿಗಾಗಿ ಕೊಳವೆಬಾವಿಗಳು ನೂರಾರಾದವು. ನೆಲದಡಿಯ ಒತ್ತಡ ಕುಗ್ಗಿತು. ಬುಗ್ಗೆಗಳು ಒಂದೊಂದಾಗಿ ನಿಂತವು. ಅವು ನಿಂತಲ್ಲಿ ಸಮುದ್ರದ ಉಪ್ಪು ಹಿಂದಿರುಗಿ ಒಳಗೆ ನುಗ್ಗಿತು. ಇಂದು ಮನೆಮನೆಗೆ ಬರುವ ನೀರಿನ ಬಹುಪಾಲು ಕಡಲ ನೀರನ್ನೇ ಕಾರ್ಖಾನೆಯಲ್ಲಿ ಉಪ್ಪು ತೆಗೆದು ಸಿಹಿ ಮಾಡಿದ್ದು. “ನಿಮ್ಮ ಕೈಯ ಬಾಟಲಿಯಲ್ಲಿ ಇರುವುದೂ ಬಹುಶಃ ಅದೇ” ಎಂದ.

ಹಾಗಾದರೆ ಹುಡುಗ ಅಂದು ಹೇಳಿದ್ದು ನಿಜವಾಗಿತ್ತು. ಅದನ್ನು ನಿಜವೆಂದು ಒಪ್ಪುವ ಹೊತ್ತಿಗೆ ಅದು ಇಲ್ಲವಾಗಿತ್ತು. ಮಾಸ್ತರರು ವ್ಯಾನಿನಲ್ಲಿ ಕುಳಿತ ಮೇಲೆ ಪತ್ನಿಗೆ ಎಲ್ಲವನ್ನೂ ಹೇಳಿದರು. ಅವರು ಸ್ವಲ್ಪ ಯೋಚಿಸಿ, “ಖಜೂರಿ ಡಬ್ಬಿ ತಂದುಕೊಟ್ಟಿದ್ದ ಹುಡುಗ ಅಲ್ರೀ ಅಂವಾ?” ಎಂದರು. ಮಾಸ್ತರರಿಗೆ ಅದು ನೆನಪಿರಲಿಲ್ಲ. “ಅವರಪ್ಪ ಊರಿಗೆ ಬಂದಾಗ ತಂದಿದ್ದು. ಗುರುಗಳ ಮನಿಗೆ ಕೊಟ್ಟು ಬಾ ಅಂತ ಕಳಿಸಿದ್ದ. ತಗಡಿನ ಡಬ್ಬಿ, ಮ್ಯಾಲ ಒಂಟಿ ಚಿತ್ರ. ಆ ಡಬ್ಬ್ಯಾಗ ನಾ ಎಷ್ಟು ವರ್ಷ ಸಾಸಿವಿ ಇಟ್ಟಿದ್ದೆ! ನೀವೂ ತಿಂದಿದ್ರಿ.” ಅದು ಪರೀಕ್ಷೆಗೆ ಮೊದಲೋ ಆಮೇಲೋ ಎಂದು ಮಾಸ್ತರರು ಕೇಳಿದರು. ಪತ್ನಿಗೆ ಅಷ್ಟು ನೆನಪಿರಲಿಲ್ಲ. ಆಮೇಲೆ ತಂದದ್ದಾಗಿದ್ದರೆ ಎಂಬ ಯೋಚನೆ ಮಾಸ್ತರರನ್ನು ಬಿಡಲಿಲ್ಲ.

ಒಂಟಿ ಮರದ ಬಳಿ ವ್ಯಾನು ನಿಂತಿತು. ಸುತ್ತ ಗಾವುದ ದೂರ ಹಸಿರಿನ ಹೆಸರಿಲ್ಲದ ಮರಳಿನ ನಡುವೆ ಚಿಕ್ಕದೊಂದು ದಿಣ್ಣೆಯ ಮೇಲೆ ಕೊಂಬೆಗಳನ್ನು ನೆಲದವರೆಗೆ ಚಾಚಿ ನಿಂತ ಮುದಿಮರ. ವಯಸ್ಸು ನಾನೂರು ವರ್ಷ, ಅಲ್ಲಿಯವರು ಜೀವವೃಕ್ಷವೆನ್ನುತ್ತಾರೆ. ನೀರು ಎಲ್ಲಿಂದ ದೊರೆಯುತ್ತದೆಂಬುದೇ ಅಲ್ಲಿ ಪ್ರತಿಯೊಬ್ಬ ಮಾರ್ಗದರ್ಶಿಯೂ ಕೇಳುವ ಒಗಟು. ಉಳಿದವರು ಛಾಯಾಚಿತ್ರ ತೆಗೆದುಕೊಳ್ಳುತ್ತಿರುವಾಗ ಮಾಸ್ತರರ ಪತ್ನಿ ಬೇಲಿಯ ಹೊರಗೆ ಬಿದ್ದಿದ್ದ ಒಂದು ಕಡ್ಡಿಯನ್ನು ಎತ್ತಿ, ಅದರ ಚಿಕ್ಕ ಚಿಕ್ಕ ಎಲೆಗಳನ್ನೂ ಮುಳ್ಳನ್ನೂ ನೋಡಿ, “ಇದು ಬನ್ನಿ ಐತ್ರೀ!” ಎಂದು ಕೂಗಿಯೇಬಿಟ್ಟರು. ನಿಜ. ಸಸ್ಯಶಾಸ್ತ್ರದವರು ಪ್ರೊಸೋಪಿಸ್ ಸಿನೆರೇರಿಯಾ ಎಂದು ಕರೆಯುವ ಆ ಮರ ವಿಜಯದಶಮಿಯ ದಿನ ಊರ ಹೊರಗೆ ಹೋಗಿ ಪೂಜಿಸಿ ಬರುವ ಬನ್ನಿಯೇ. ಆಳಕ್ಕೆ ಬೇರಿಳಿಸುವುದು ಅದರ ಸ್ವಭಾವ. ಅವರು ಎಲೆಗಳನ್ನು ಕಣ್ಣಿಗೊತ್ತಿಕೊಂಡು ಒಂದೆರಡನ್ನು ಪತಿಯ ಅಂಗೈಯಲ್ಲಿ ಇಟ್ಟು, “ಬನ್ನಿ ತಗೊಂಡು ಬಂಗಾರದ್ಹಂಗ ಇರೂಣು” ಎಂದರು. ಜನವರಿ ತಿಂಗಳಲ್ಲಿ, ಅರಬ್ಬರ ಮರಳಿನಲ್ಲಿ! ಜಗಳವಾಡಿದವರೂ ಆ ದಿನ ಬನ್ನಿ ಕೊಟ್ಟು ಒಂದಾಗುವರು. ಮಾಸ್ತರರು ಎಲೆಗಳನ್ನು ವಹಿಯ ಪುಟಗಳ ನಡುವೆ ಇಟ್ಟುಕೊಂಡರು.

ಹಿಂದಿರುಗುವಾಗ ಅವರು ಮಾರ್ಗದರ್ಶಿಯನ್ನು ಸಂಕೋಚದಿಂದ ಕೇಳಿದರು: ಮೊದಲು ಇಲ್ಲಿ ಕೂಲಿಯವರು ಶುಕ್ರವಾರದ ದಿನ ಈಸಲು ಹೋಗುತ್ತಿದ್ದ ದೊಡ್ಡ ಹೊಂಡವೊಂದು ಇತ್ತೇ? ಅವನಿಗೆ ಕ್ಷಣವೂ ಬೇಕಾಗಲಿಲ್ಲ. “ಅದಾರಿ! ಕೂಲಿಯವರೇಕೆ, ಎಲ್ಲರೂ ಹೋಗುತ್ತಿದ್ದೆವು. ನಾನು ಈಜು ಕಲಿತದ್ದು ಅಲ್ಲಿಯೇ.” ಅದು ಪ್ರವಾಸದ ಪಟ್ಟಿಯಲ್ಲಿ ಇರಲಿಲ್ಲ, ಆದರೆ ದಾರಿಯಿಂದ ದೂರವೂ ಇರಲಿಲ್ಲ. ಉಳಿದ ಐವರ ಒಪ್ಪಿಗೆ ಪಡೆದು ಹತ್ತು ನಿಮಿಷದ ಮಟ್ಟಿಗೆ ವ್ಯಾನನ್ನು ಅತ್ತ ತಿರುಗಿಸಿದರು. ನೋಡಲು ಹೆಚ್ಚೇನೂ ಇಲ್ಲ. ಊಟೆ ಬತ್ತಿ ಹಲವು ವರ್ಷಗಳಾಗಿವೆ. ಆ ಸ್ಥಳದಲ್ಲಿ ಉದ್ಯಾನ ಮಾಡಿದ್ದಾರೆ. ಗೋಡೆಯ ಹೊರಗೆ ನಿಂತು ಮಾರ್ಗದರ್ಶಿ ತನ್ನ ನಾಡಿನ ಗಾದೆಯೊಂದನ್ನು ಹೇಳಿದ: ದೂರದವರಿಗೆ ನೀರುಣಿಸಿ ಹತ್ತಿರದವರನ್ನು ಒಣಗಿಸುವ ಅದಾರಿ. ಊಟೆಯ ನೀರು ಕಾಲುವೆ ಹಿಡಿದು ದೂರದ ಖರ್ಜೂರದ ತೋಟಗಳಿಗೆ ಹರಿಯುತ್ತಿತ್ತು. ಮಗ್ಗುಲಲ್ಲಿದ್ದ ಗಿಡಗಳಿಗೆ ದೊರೆಯುತ್ತಿರಲಿಲ್ಲ. ಸ್ವಂತದವರನ್ನು ಮರೆತು ಪರರಿಗೆ ನೆರವಾಗುವವರನ್ನು ಕುರಿತು ಇಂದಿಗೂ ಹಾಗೆ ಹೇಳುತ್ತಾರೆ. ಮಾಸ್ತರರು ಅದನ್ನು ಅರಬ್ಬಿಯಲ್ಲಿ ಎರಡು ಸಲ ಹೇಳಿಸಿಕೊಂಡು ಕನ್ನಡ ಲಿಪಿಯಲ್ಲಿ ಬರೆದುಕೊಂಡರು. ಬಡಗಿಯೊಬ್ಬ ವಾರದ ದಣಿವನ್ನು ಕಳೆಯಲು ಇಳಿಯುತ್ತಿದ್ದ ನೀರು ಇಲ್ಲಿತ್ತು. ಅದನ್ನು ಕುರಿತು ಅವನು ಮಗನಿಗೆ ಪತ್ರ ಬರೆದಿದ್ದ.

ಪೇಟೆಯ ಹೆಬ್ಬಾಗಿಲು ಬಾಬ್ ಅಲ್ ಬಹರೇನ್. 1940ರ ದಶಕದಲ್ಲಿ ಅದನ್ನು ಕಟ್ಟಿದಾಗ ಅದರ ಎದುರಿಗೇ ಸಮುದ್ರವಿತ್ತಂತೆ. ಈಗ ಸಮುದ್ರವನ್ನು ತುಂಬಿ ತುಂಬಿ ದೂರ ತಳ್ಳಿದ್ದಾರೆ. ಒಳಗೆ ಸಂದಿಗಳು; ಬಟ್ಟೆ, ಮಸಾಲೆ, ಬಂಗಾರದ ಅಂಗಡಿಗಳು; ಸಿಂಧದ ವ್ಯಾಪಾರಿಗಳು ಹತ್ತೊಂಬತ್ತನೆಯ ಶತಮಾನದಲ್ಲಿ ಕಟ್ಟಿದ ಶ್ರೀನಾಥಜಿಯ ಗುಡಿ. ಇಲ್ಲಿಯ ಮುತ್ತು ಮಾರಾಟವಾಗುತ್ತಿದ್ದದ್ದು ಮುಂಬಯಿಯಲ್ಲಿ. ಇಲ್ಲಿ ನಡೆಯುತ್ತಿದ್ದ ನಾಣ್ಯ ಭಾರತದ ರೂಪಾಯಿ. 1965ರಲ್ಲಿ ಹತ್ತು ರೂಪಾಯಿಗೆ ಒಂದರಂತೆ ದೀನಾರ್ ಬಂದರೂ ನೂರು ಫಿಲ್ಸಿಗೆ ಹಳಬರು ಈಗಲೂ ರುಬಿಯಾ ಎನ್ನುವುದುಂಟು. ಜಪಾನಿನ ಕೃತಕ ಮುತ್ತೂ 1929ರ ನಂತರದ ಜಾಗತಿಕ ಮುಗ್ಗಟ್ಟೂ ಒಟ್ಟಿಗೆ ಬಂದು ಮುತ್ತಿನ ವ್ಯಾಪಾರವನ್ನು ಮುರಿದವು. ಅದು ಮುರಿದದ್ದಕ್ಕೆ ಮಾರ್ಗದರ್ಶಿಗೆ ದುಃಖವೇನೂ ಇರಲಿಲ್ಲ. ಹಡಗಿನ ಯಜಮಾನನಲ್ಲಿ ಮುಂಗಡ ಪಡೆದ ಮುಳುಗುಗಾರ ಸಾಲ ತೀರದೆ ಸತ್ತರೆ ಮಗನು ಮುಳುಗಬೇಕಾಗಿತ್ತು. 1920ರ ದಶಕದ ಸುಧಾರಣೆಗಳಿಂದ ಅದು ತಕ್ಕಮಟ್ಟಿಗೆ ತಗ್ಗಿತು. ಅಜ್ಜ ಮುಳುಗಿದ, ಅಪ್ಪ ಎಣ್ಣೆ ಕಂಪನಿಗೆ ಹೋದ, ತಾನು ಊರು ತೋರಿಸುತ್ತಿದ್ದೇನೆ ಎಂದು ನಕ್ಕು ಅವನು ಕೈಮುಗಿದು ಬೀಳ್ಕೊಂಡ.

ಮಾಸ್ತರರು ಪೇಟೆಯಲ್ಲಿ ಮತ್ತೇನೂ ಕೊಳ್ಳಲಿಲ್ಲ. ಖರ್ಜೂರದ ಎರಡು ಡಬ್ಬಿಗಳನ್ನು ಕೊಂಡರು. ಒಂಟೆಯ ಚಿತ್ರವಿದ್ದ ಡಬ್ಬಿಯೇ ಬೇಕೆಂದು ಪತ್ನಿ ಮೂರು ಅಂಗಡಿ ಸುತ್ತಿಸಿದರು.

ಊರಿಗೆ ಮರಳಿದ ವಾರದಲ್ಲಿಯೇ ಅವರು ಶಾಲೆಯ ಈಗಿನ ಮುಖ್ಯೋಪಾಧ್ಯಾಯರಿಗೆ ಪತ್ರ ಬರೆದು, 1981-82ರ ಎಂಟನೆಯ ತರಗತಿಯ ದಾಖಲೆಯನ್ನು ಹುಡುಕಿಸಬೇಕೆಂದು ಕೇಳಿಕೊಂಡರು. ಮುಖ್ಯೋಪಾಧ್ಯಾಯರು ಅವರ ಶಿಷ್ಯರೇ. ಗುಮಾಸ್ತನನ್ನು ಕೂಡಿಸಿ ಎರಡು ಕಪಾಟುಗಳನ್ನು ತೆಗೆಸಿದರು. ಹಾಜರಿ ಪುಸ್ತಕದ ಅರ್ಧವನ್ನು ಗೆದ್ದಲು ತಿಂದಿತ್ತು. ದಾಖಲಾತಿ ವಹಿ ಉಳಿದಿತ್ತು. ಪಾಲಕರ ಉದ್ಯೋಗವೆಂಬ ಕಡೆ “ಬಡಗಿ, ಪರದೇಶ” ಎಂದಿದ್ದ ಹೆಸರು ಒಂದೇ. 1982ರ ಜೂನಿನಲ್ಲಿ ವರ್ಗಾವಣೆಯ ಪತ್ರ ಪಡೆದಂತೆ ನಮೂದಾಗಿತ್ತು. ಹೆಸರನ್ನು ಓದಿದೊಡನೆ ಮಾಸ್ತರರಿಗೆ ನೆನಪಾಯಿತು. ಅವರ ಓಣಿಗೆ ಹೋಗಿ ವಿಚಾರಿಸಿದರು. ಮನೆಯನ್ನು ಮಾರಿ ಬಹಳ ವರ್ಷಗಳಾಗಿದ್ದವು. ಹುಬ್ಬಳ್ಳಿಯಲ್ಲಿ ಇದ್ದಾರೆಂದು ಒಬ್ಬರು ಹೇಳಿದರು. ಪುಣೆಗೆ ಹೋದರೆಂದು ಇನ್ನೊಬ್ಬರು. ಹುಬ್ಬಳ್ಳಿಗೆ ಅವರು ಎರಡು ಸಲ ಹೋಗಿ ಬಂದಿದ್ದಾರೆ.

ಒಂದು ಡಬ್ಬಿಯ ಖರ್ಜೂರ ಮೊಮ್ಮಕ್ಕಳ ಪಾಲಾಯಿತು. ಇನ್ನೊಂದನ್ನು ತೆರೆದಿಲ್ಲ. ಇರುವೆ ಹತ್ತದಿರಲೆಂದು ಮಾಸ್ತರರ ಪತ್ನಿ ಅದನ್ನು ನೀರು ತುಂಬಿದ ತಾಟಿನ ನಡುವೆ ಇಟ್ಟಿದ್ದಾರೆ. ನೀರು ಕಡಿಮೆಯಾದಾಗಲೆಲ್ಲ ಮಾಸ್ತರರು ಹಾಕುತ್ತಾರೆ.